ತೋಟದ ನಾಯಿಗಳಿಗೆ ವಾರದ ಊಟವನ್ನು ಒಮ್ಮೆಗೇ ತುಂಬಿಡಬಹುದೇ?

ಪ್ರಶ್ನೆ: ನಮ್ಮ ಮನೆ ದಾವಣಗೆರೆಯಲ್ಲಿದೆ, ಅಡಿಕೆ ತೋಟ ಚನ್ನಗಿರಿ ತಾಲ್ಲೂಕಿನಲ್ಲಿದೆ. ತೋಟದ ಪಂಪ್‌ಹೌಸಿನ ಪಕ್ಕ ಜಾಲರಿ ಹಾಕಿದ ಗೂಡು ಕಟ್ಟಿಸಿ ಎರಡು ನಾಯಿಗಳನ್ನು ಸಾಕಿದ್ದೇವೆ. ಒಂದು ಊರನಾಯಿ, ಇನ್ನೊಂದು ಲ್ಯಾಬ್ರಡಾರ್. ಇದುವರೆಗೆ ತೋಟದ ಆಳು ದಿನಕ್ಕೆರಡು ಬಾರಿ ಅನ್ನ, ಮುದ್ದೆ ಹಾಕುತ್ತಿದ್ದ. ಅವನು ಕೆಲಸ ಬಿಟ್ಟ ಮೇಲೆ ನಾನೇ ಎರಡು ಮೂರು ದಿನಕ್ಕೊಮ್ಮೆ ಹೋಗಿಬರುತ್ತಿದ್ದೇನೆ. ಹತ್ತು ಕಿಲೋ ಒಣ ಆಹಾರ ಹಿಡಿಯುವ, ತಿಂದಷ್ಟೂ ಕೆಳಗೆ ಇಳಿಯುವ ತಗಡಿನ ಸೆಲ್ಫ್ ಫೀಡರ್ ಮಾಡಿಸಿ ವಾರಕ್ಕೊಮ್ಮೆ ತುಂಬಿಟ್ಟರೆ ಸಾಕಾಗುವುದೇ? ದಯವಿಟ್ಟು ತಿಳಿಸಿ.

ಉತ್ತರ: ಫೀಡರ್ ಇಡಬಹುದು, ಆದರೆ ವಾರಕ್ಕೊಮ್ಮೆ ತುಂಬಿ ಮರೆಯುವಂತಿಲ್ಲ. ಊಟ ಹಾಕುವ ಕೆಲಸವನ್ನು ಅದು ಹಗುರ ಮಾಡುತ್ತದೆಯೇ ಹೊರತು ನಾಯಿಯನ್ನು ನೋಡಿಕೊಳ್ಳುವ ಕೆಲಸವನ್ನು ಮಾಡುವುದಿಲ್ಲ. ತಟ್ಟೆಗೆ ಊಟ ಹಾಕಿದಾಗ ನಾಯಿ ಓಡಿ ಬಂತೇ, ಮೂಸಿ ಹಿಂದೆ ಸರಿಯಿತೇ ಎಂಬುದು ಕಣ್ಣಿಗೆ ಬೀಳುತ್ತದೆ. ನಮ್ಮ ಕಡೆ ತೋಟದ ನಾಯಿಗಳಿಗೆ ಹೆಚ್ಚಾಗಿ ಬರುವ ಉಣ್ಣಿ ಜ್ವರದಲ್ಲಿ ಮೊದಲು ಕಾಣುವ ಲಕ್ಷಣಗಳಲ್ಲಿ ಊಟ ಬಿಡುವುದೂ ಒಂದು. ಆ ಹಂತದಲ್ಲೇ ಚಿಕಿತ್ಸೆ ಆರಂಭವಾದರೆ ನಾಯಿ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು, ಒಸಡು ಬಿಳಿಚಿ ಮೂಗಿನಿಂದ ರಕ್ತ ಬರುವವರೆಗೆ ಬಿಟ್ಟರೆ ಉಳಿಸಿಕೊಳ್ಳುವುದು ಕಷ್ಟ. ಎರಡು ನಾಯಿಗಳಿಗೆ ಒಂದೇ ಫೀಡರ್ ಇದ್ದಲ್ಲಿ, ಒಂದು ಮೂರು ದಿನ ಏನೂ ತಿನ್ನದಿದ್ದರೂ ಇನ್ನೊಂದು ಅದರ ಪಾಲನ್ನು ತಿಂದು ಮುಗಿಸಿರುತ್ತದೆ, ಡಬ್ಬಿಯಲ್ಲಿ ಇಳಿದ ಆಹಾರವನ್ನು ನೋಡಿ ನೀವು ಎರಡೂ ಚೆನ್ನಾಗಿವೆ ಎಂದುಕೊಂಡಿರುತ್ತೀರಿ. ಆದ್ದರಿಂದ ಪಕ್ಕದ ತೋಟದವರಲ್ಲಿ ಯಾರಾದರೊಬ್ಬರು ದಿನಕ್ಕೊಮ್ಮೆ ಬಂದು, ನಾಯಿಗಳನ್ನು ನೋಡಿ, ನೀರು ಬದಲಿಸಿ ಹೋಗುವ ಏರ್ಪಾಡನ್ನು ಮೊದಲು ಮಾಡಿ, ಅದಕ್ಕೆ ತಕ್ಕ ಸಂಬಳವನ್ನೂ ಕೊಡಿ. ಫೀಡರ್ ಅದರ ನಂತರದ ಮಾತು.

ಇನ್ನು ನಿಮ್ಮ ಎರಡು ನಾಯಿಗಳ ವಿಚಾರ ಬೇರೆ ಬೇರೆ. ಹೊಟ್ಟೆ ತುಂಬಿದೊಡನೆ ಎದ್ದುಹೋಗುವ ಸ್ವಭಾವದ ಊರನಾಯಿಗೆ ಫೀಡರ್ ಒಗ್ಗುತ್ತದೆ, ಅದು ದಿನವಿಡೀ ಸ್ವಲ್ಪಸ್ವಲ್ಪವೇ ತಿಂದು ತನ್ನ ಮೈಕಟ್ಟು ಉಳಿಸಿಕೊಳ್ಳುತ್ತದೆ. ಲ್ಯಾಬ್ರಡಾರ್ ಹಾಗಲ್ಲ. ಹಸಿವನ್ನು ಹೆಚ್ಚಿಸುವ ಪಿಒಎಂಸಿ ಎಂಬ ಜೀನಿನ ದೋಷ ಈ ತಳಿಯ ಹಲವು ನಾಯಿಗಳಲ್ಲಿರುವುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೊದಲು, 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವಮಾನವಿಡೀ ಗಮನಿಸಲಾಯಿತು. ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು 13 ವರ್ಷವಾದರೆ ಹೆಚ್ಚು ತಿಂದವುಗಳದ್ದು 11.2 ವರ್ಷ, ಕೀಲುನೋವೂ ಅವಕ್ಕೇ ಬೇಗ ಬಂದಿತು. ನಿಮ್ಮ ಲ್ಯಾಬ್ರಡಾರ್‌ಗೆ ಬೇಕೆಂದಾಗಲೆಲ್ಲ ತಿನ್ನುವ ಅವಕಾಶ ಕೊಡಲೇಬೇಡಿ. ಗೂಡಿನ ನಡುವೆ ಜಾಲರಿ ಹಾಕಿ ಎರಡನ್ನೂ ಊಟದ ಮಟ್ಟಿಗಾದರೂ ಬೇರ್ಪಡಿಸಿ, ಅದಕ್ಕೆ ದಿನನಿತ್ಯ ಬರುವವರ ಕೈಯಿಂದಲೇ ಅಳೆದು ಹಾಕಿಸಿ. ಸಾಧಾರಣವಾಗಿ 20 ಕಿಲೋ ತೂಗುವ ಬೆಳೆದ ನಾಯಿಗೆ ಒಣ ಆಹಾರ ದಿನಕ್ಕೆ 300 ಗ್ರಾಂ ಆಸುಪಾಸು ಸಾಕು. ಪಕ್ಕೆಯ ಮೇಲೆ ಬೆರಳಾಡಿಸಿದಾಗ ಎಲುಬುಗಳು ಕೈಗೆ ಸಿಗಬೇಕು, ಒತ್ತಿ ಹುಡುಕುವಂತಾದರೆ ಅಳತೆ ಇಳಿಸಬೇಕು.

ಈ ಲೆಕ್ಕದಲ್ಲಿ ಹತ್ತು ಕಿಲೋ ಆಹಾರ ಒಂದು ಊರನಾಯಿಗೆ ತಿಂಗಳೇ ಆಗುತ್ತದೆ. ಚನ್ನಗಿರಿಯ ಮಳೆಗಾಲದಲ್ಲಿ ತೋಟದೊಳಗಿನ ತೇವಕ್ಕೆ ಅಷ್ಟು ದಿನ ತಗಡಿನ ಡಬ್ಬಿಯಲ್ಲಿ ಆಹಾರ ಕೆಡದೆ ಉಳಿಯುವುದಿಲ್ಲ. ಯಾವುದೇ ಹಳೆಯ ಫೀಡರಿನ ಬಾಯಿಯೊಳಗೆ ಕೈ ಹಾಕಿ ಕೆಳಗಿನ ಮೂಲೆಯನ್ನು ಉಗುರಿನಿಂದ ಕೆರೆದು ನೋಡಿ: ಮೇಲಿನ ಕಾಳುಗಳು ಗರಿಗರಿಯಾಗಿಯೇ ಇರುತ್ತವೆ, ಅಡಿಯಲ್ಲಿ ಮಾತ್ರ ಉದುರಿದ ಪುಡಿ ನಾಯಿಯ ಜೊಲ್ಲು ಮತ್ತು ಇರಚಲು ನೀರಿಗೆ ಹೆಪ್ಪುಗಟ್ಟಿ, ಹಸಿರು ಬೂಷ್ಟು ಹಿಡಿದು, ಮುಗ್ಗು ವಾಸನೆ ಹೊಡೆಯುತ್ತಿರುತ್ತದೆ. ಕೆಲವು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ, ಅದು ನಾಯಿಯ ಯಕೃತ್ತನ್ನೇ ಹಾಳುಮಾಡುತ್ತದೆ. ಹಾಗಾಗಿ ಎರಡು ಮೂರು ದಿನಕ್ಕಾಗುವಷ್ಟು ಮಾತ್ರ ಹಿಡಿಯುವ ಚಿಕ್ಕ ಫೀಡರ್ ಮಾಡಿಸಿ. ಉಳಿದದ್ದರ ಮೇಲೆಯೇ ಹೊಸದನ್ನು ಸುರಿಯದೆ, ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ತುಂಬಿ. ಬಿಚ್ಚಿ ತೊಳೆಯಲು ಬಾರದ ಫೀಡರನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಪಿವಿಸಿ ಪೈಪಿಗೆ ಬೆಂಡ್ ಸೇರಿಸಿ ಮಾಡುವ ಫೀಡರುಗಳಲ್ಲಿ ಇದೇ ದೊಡ್ಡ ತೊಂದರೆ, ಆ ಬಾಗಿನೊಳಕ್ಕೆ ಬ್ರಷ್ ಹೋಗುವುದಿಲ್ಲ.

ಫೀಡರನ್ನು ಸೂರಿನ ಕೆಳಗೆ, ಮಳೆಗಾಳಿ ಬೀಸುವ ಪಡುವಣ ದಿಕ್ಕಿಗೆ ಬೆನ್ನು ಮಾಡಿ, ನೆಲದಿಂದ ಮೇಲೆತ್ತಿ ಬಿಗಿಯಿರಿ. ನಾಯಿ ಮೂತಿಯಿಂದ ತಳ್ಳಿದರೆ ತೆರೆದು, ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಮುಚ್ಚಳ ಇರಲೇಬೇಕು. ಇದು ಇಲಿಗಳ ಸಲುವಾಗಿ. ರಾತ್ರಿಯಿಡೀ ತೆರೆದಿಟ್ಟ ಆಹಾರಕ್ಕೆ ಇಲಿಗಳು ಬರುತ್ತವೆ, ಅವುಗಳ ಮೂತ್ರದಿಂದ ಹರಡುವ ಇಲಿ ಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ, ಇಲಿಗಳ ಹಿಂದೆಯೇ ಹಾವೂ ಬರುತ್ತದೆ. ಕಾಲಿರುವ ಫೀಡರ್ ಆದರೆ ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲಿಡಿ. ಮುಚ್ಚಳದ ಸದ್ದಿಗೆ ಕೆಲವು ನಾಯಿಗಳು ಬೆದರುತ್ತವೆ, ಮೊದಲ ಕೆಲವು ದಿನ ಅದನ್ನು ತೆರೆದೇ ಕಟ್ಟಿ, ರೂಢಿಯಾದ ಮೇಲೆ ಬಿಡಿ. ಆರಂಭದ ದಿನ ನಾಯಿಗೆ ಎಂದಿನಂತೆ ಹೊಟ್ಟೆ ತುಂಬ ಊಟ ಹಾಕಿದ ನಂತರವೇ ಫೀಡರ್ ತೋರಿಸಿ. ಹಸಿದ ನಾಯಿಯ ಮುಂದೆ ತುಂಬಿದ ಡಬ್ಬಿ ಇಟ್ಟರೆ ಅದು ಮಿತಿಮೀರಿ ತಿನ್ನುತ್ತದೆ, ಹೊಟ್ಟೆ ಉಬ್ಬರಿಸಿ ಜೀವಕ್ಕೇ ಅಪಾಯವಾಗಬಹುದು.

ಅನ್ನ, ಮುದ್ದೆ, ಮಾಂಸ ಯಾವುದನ್ನೂ ಫೀಡರಿಗೆ ಹಾಕುವಂತಿಲ್ಲ. ಒಣ ಆಹಾರ ತಿನ್ನುವ ನಾಯಿಗೆ ನೀರು ಮೊದಲಿಗಿಂತ ಹೆಚ್ಚು ಬೇಕು ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. 20 ಕಿಲೋ ನಾಯಿ ಸಾಮಾನ್ಯ ದಿನಗಳಲ್ಲೇ ಒಂದು ಲೀಟರಿನಷ್ಟು ಕುಡಿಯುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಉರುಳಿ ಬೀಳದ ಕಲ್ಲಿನ ಬಾನಿ ಒಳ್ಳೆಯದು, ಅದನ್ನು ನೆರಳಿನಲ್ಲಿಡಿ. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು ಮತ್ತು ಸದಾ ಕೂಡಿಹಾಕಿದ ನಾಯಿಯನ್ನು ಓಡಾಡಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಡಿ ಅಪರಾಧ ಎಂಬುದನ್ನೂ ತಿಳಿದಿರಿ. ನೀವು ಹೋದ ದಿನವೆಲ್ಲ ಅವುಗಳನ್ನು ಹೊರಗೆ ಬಿಟ್ಟು ತೋಟ ಸುತ್ತಿಸಿ, ಉಳಿದ ದಿನ ಆ ಕೆಲಸವನ್ನೂ ದಿನನಿತ್ಯ ಬರುವವರಿಗೇ ಒಪ್ಪಿಸಿ.

ಪ್ರಶ್ನೆ: ಚಳ್ಳಕೆರೆ ಬಳಿಯ ನಮ್ಮ ಹೊಲದ ಮನೆಯಲ್ಲಿ ಮುಧೋಳ ತಳಿಯ ಹೆಣ್ಣುನಾಯಿ ಮರಿ ಹಾಕಿ ಒಂದು ತಿಂಗಳಾಗಿದೆ. ತಾಯಿಗೂ ಮರಿಗಳಿಗೂ ಸೇರಿ ಒಂದು ಫೀಡರ್ ಇಟ್ಟು, ಅದರಲ್ಲಿ ಶೇಂಗಾ ಹಿಂಡಿಯನ್ನೂ ಬೆರೆಸಬಹುದೇ?

ಉತ್ತರ: ತಾಯಿಗೆ ಇಡಿ. ಹಾಲುಣಿಸುವ ಮೂರು ನಾಲ್ಕನೆಯ ವಾರದಲ್ಲಿ ಅದಕ್ಕೆ ಎಂದಿನ ಎರಡು ಪಟ್ಟಿಗಿಂತ ಹೆಚ್ಚು ಆಹಾರ ಬೇಕಾಗುತ್ತದೆ, ಆಗ ಬೇಕೆಂದಾಗ ತಿನ್ನುವ ಅನುಕೂಲ ಇದ್ದರೆ ಒಳ್ಳೆಯದು. ಮರಿಗಳು ಹಾಲು ಬಿಟ್ಟ ಮೇಲೆ ಅದನ್ನು ತೆಗೆದುಬಿಡಿ. ಮರಿಗಳಿಗೆ ಮಾತ್ರ ಒಣ ಆಹಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಅಗಲವಾದ ತಟ್ಟೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಕೊಟ್ಟು, ಮಿಕ್ಕಿದ್ದನ್ನು ಕೂಡಲೇ ತೆಗೆಯಿರಿ. ಶೇಂಗಾ ಹಿಂಡಿಯನ್ನು ಯಾವ ನಾಯಿಗೂ ಹಾಕಬೇಡಿ. ಮೇಲೆ ಹೇಳಿದ ಅಫ್ಲಾಟಾಕ್ಸಿನ್ ವಿಷ ಬೇಗನೆ ಸೇರಿಕೊಳ್ಳುವ ಪದಾರ್ಥಗಳಲ್ಲಿ ಶೇಂಗಾ ಮುಖ್ಯವಾದದ್ದು, ಹುರಿದರೂ ಬೇಯಿಸಿದರೂ ಆ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ಮರಿಗಳಿಗೆ ಪುಷ್ಟಿ ಬೇಕೆಂದರೆ ಬೇಯಿಸಿದ ಮೊಟ್ಟೆಯನ್ನು ಮಿದ್ದು ನೆನೆಸಿದ ಆಹಾರಕ್ಕೆ ಸ್ವಲ್ಪ ಬೆರೆಸಿ, ಜಂತುಹುಳುವಿನ ಔಷಧಿಯನ್ನು ಇನ್ನೂ ಕೊಡಿಸಿರದಿದ್ದರೆ ಈ ವಾರವೇ ಪಶು ಆಸ್ಪತ್ರೆಗೆ ಕರೆದೊಯ್ದು ಕೊಡಿಸಿ.