ಮಳೆಗಾಲದಲ್ಲಿ ಹಲ್ಲರ್ ಬ್ಲೋವರ್ ಅದುರುತ್ತಿದ್ದರೆ
ಕುಶಾಲನಗರದ ನಿಮ್ಮ ಕಾಫಿ ಹಲ್ಲರ್‌ನ (ಕಾಫಿಯ ಸಿಪ್ಪೆ ತೆಗೆಯುವ ಯಂತ್ರದ) ಬ್ಲೋವರ್, ಅಂದರೆ ಹೊಟ್ಟು ಎಳೆಯುವ ಫ್ಯಾನ್, ಬೇರಿಂಗ್ ಬದಲಿಸಿದ ಮೇಲೂ ಅದುರುತ್ತಿದೆ, ಏನು ಮಾಡೋದು ಅಂತ ಬರೆದು ಕೇಳಿದ್ದೀರಿ. ಕಾರಣ ಬಹುಶಃ ರೆಕ್ಕೆಗಳಿಗೆ ಅಂಟಿದ ಹೊಟ್ಟಿನ ದೂಳು. ಮಳೆಗಾಲದ ತೇವಕ್ಕೆ ಅದು ಗಟ್ಟಿಯಾಗಿ ಕೂರುತ್ತದೆ. ಒಂದು ಹೆಕ್ಕಳೆ ಉದುರಿದರೆ ಸಾಕು, ತೂಕ ಒಂದೇ ಕಡೆ ವಾಲುತ್ತದೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಕೀಲಿ ನಿಮ್ಮ ಜೇಬಲ್ಲೇ ಇರಲಿ. ಫ್ಯಾನ್ ಪೂರ್ತಿ ನಿಂತ ಮೇಲೆ ಬಾಗಿಲು ತೆಗೆಯಿರಿ. ರೆಕ್ಕೆಯ ಮುಂಭಾಗ ಹೊಳೆಯುತ್ತಿದ್ದರೆ ಅಷ್ಟಕ್ಕೇ ಬಿಡಬೇಡಿ. ಟಾರ್ಚ್ ಹಿಡಿದು ಹಿಂಬದಿ ನೋಡಿ, ಬುಡದ ಮೂಲೆಗೆ ಬೆರಳು ಹಾಕಿ. ಕಂದು ಪದರ ಹೆಚ್ಚಾಗಿ ಅಲ್ಲೇ ಇರೋದು. ಮರದ ಚಕ್ಕೆಯಲ್ಲಿ ಕೆರೆದು, ಆಮೇಲೆ ವೈರ್ ಬ್ರಷ್ ಹಾಕಿ. ನೀರು ಬೇಡ. ಎಲ್ಲ ರೆಕ್ಕೆಗಳನ್ನೂ ಒಂದೇ ಸಮ ಕ್ಲೀನ್ ಮಾಡಿ, ಅರ್ಧಂಬರ್ಧ ಮಾಡಿದರೆ ಅದುರೋದು ಜಾಸ್ತಿಯೇ ಆಗಬಹುದು. ಬೆಸುಗೆಯಲ್ಲಿ ಬಿರುಕು ಕಂಡರೆ ದಯವಿಟ್ಟು ಓಡಿಸಬೇಡಿ.

ಆಮೇಲೂ ಅದುರಿದರೆ ಫ್ಯಾನ್‌ನ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್‌ನವರನ್ನು ಕರೆಸಿ. ಕ್ಲೀನ್ ಮಾಡೋ ಮೊದಲೇ ತೂಕ ವೆಲ್ಡ್ ಮಾಡಿಸಿದರೆ ಸುಮ್ನೆ ದುಡ್ಡು ದಂಡ.

ಫ್ಯಾನ್ ಎಲ್ಲಿದೆ ಅಂತ ನೀವು ಬರೆದಿಲ್ಲ. ಗಾಳಿ ಮೊದಲು ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ದೂಳನ್ನು ಕೆಳಗೆ ಬೀಳಿಸುವ ಡಬ್ಬಿ) ದಾಟಿ ಆಮೇಲೆ ಫ್ಯಾನ್‌ಗೆ ಬರುತ್ತಿದ್ದರೆ, ಸೈಕ್ಲೋನ್‌ನ ಕೆಳಬಾಯಿ ಹೊರಗಿನ ಗಾಳಿ ಎಳೆಯುತ್ತಿದೆಯಾ ನೋಡಿ. ಅಲ್ಲಿ ಸಂದಿದ್ದರೆ ದೂಳು ಕೆಳಗೆ ಬೀಳದೆ ಫ್ಯಾನ್‌ಗೇ ಬರುತ್ತದೆ. ದಿನಾ ಕಾಫಿ ಹಾಕೋದು ನಿಲ್ಲಿಸಿದ ಮೇಲೆ 10 ನಿಮಿಷ ಬ್ಲೋವರ್ ಖಾಲಿ ಓಡಿಸಿ, ಒಳಗಿನ ದೂಳು ಹೊರಹೋಗಲಿ.