ರಿಯಾಯಿತಿಗಿಂತ ಒಂದು ನೋಟ್‌ಬುಕ್ ಜಾಸ್ತಿ ಕೆಲಸಕ್ಕೆ ಬರುತ್ತೆ

‘ಮಸಾಜ್ ಮಾಡಿಸಿಕೊಂಡು ಚೆನ್ನಾಗಿತ್ತು ಅಂತ ಹೇಳಿ ಹೋದವರು ಎರಡನೇ ಸಲ ಬರುವುದಿಲ್ಲ, ರಿಯಾಯಿತಿ ಕೊಡಲಾ?’ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ ಅನ್ನುತ್ತೇನೆ. ಕಡಿಮೆ ದುಡ್ಡಿಗೆ ಬಂದವರು ನಾಳೆ ಇನ್ನೂ ಕಡಿಮೆಗೆ ಸಿಗುವ ಕಡೆ ಹೋಗುತ್ತಾರೆ.

ನನಗೆ ಫಲ ಕೊಟ್ಟಿದ್ದು ಬರೆದಿಡುವ ಅಭ್ಯಾಸ. ಗಿರಾಕಿ ಹೋದ ತಕ್ಷಣ ಎರಡೇ ಸಾಲು: ಬಲ ಭುಜ ಬಿಗಿ, ಕುತ್ತಿಗೆ ಎಡಕ್ಕೆ ಪೂರ್ತಿ ತಿರುಗಲ್ಲ, ಒತ್ತಡ ಹದವಾಗಿರಲಿ. ಮುಂದಿನ ಸಲ ಬಂದಾಗ ‘ಎಡಕ್ಕೆ ತಿರುಗೋದು ಈಗ ಹೇಗಿದೆ?’ ಅಂತ ಕೇಳಿ. ಅವರ ಮುಖ ನೋಡಿ, ಅಲ್ಲೇ ಅರ್ಥ ಆಗುತ್ತೆ. ಮಸಾಜ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕುತ್ತಿಗೆ ತಿರುಗಿಸಿ ನೋಡಲು ಹೇಳಿ. ವ್ಯತ್ಯಾಸ ಇದ್ದರೆ ಅವರಿಗೇ ಗೊತ್ತಾಗುತ್ತೆ.

ಒತ್ತಡ ಸಾಕಾ ಅಂತ ಕೇಳಿದರೆ ಎಷ್ಟೋ ಜನ ಸಂಕೋಚಕ್ಕೆ ಸುಮ್ನೆ ‘ಹೂಂ’ ಅನ್ನುತ್ತಾರೆ. ‘1ರಿಂದ 10ರಲ್ಲಿ ಎಷ್ಟು?’ ಅಂತ ಕೇಳಿ. ಉಸಿರು ಬಿಗಿ ಹಿಡಿದರೆ ಕೈ ಹಗುರ ಮಾಡಿ. ಗಟ್ಟಿಯಾಗಿ ಒತ್ತಿದ ಮೇಲೆ ಒಂದೆರಡು ದಿನ ಮೈ ನೋಯಬಹುದು ಅಂತ ಮೊದಲೇ ಹೇಳಿಬಿಡಿ. ಹೇಳದಿದ್ದರೆ ‘ಅಲ್ಲಿಗೆ ಹೋಗಿ ನೋವು ಜಾಸ್ತಿ ಆಯ್ತು’ ಅಂದುಕೊಳ್ಳುತ್ತಾರೆ, ಅಲ್ವಾ?

ಹೊರಡುವ ಮುಂಚೆಯೇ ಮುಂದಿನ ದಿನದ ಮಾತಾಡಿ, ಆದರೆ ಒತ್ತಾಯ ಬೇಡ. ಇನ್ನೊಂದು ಮಾತು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಮುಟ್ಟಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಡಾಕ್ಟರ ಹತ್ತಿರ ಕಳಿಸಿ. ಆ ದಿನದ ದುಡ್ಡು ಹೋದರೆ ಹೋಗಲಿ.