ಸಾಲಕ್ಕೂ ಸ್ಯಾಂಕ್ಷನ್, ರಷ್ಯಾ ಮೇಲೂ ಸ್ಯಾಂಕ್ಷನ್: ಇದು ಹೇಗೆ?

ಪ್ರಶ್ನೆ: ಮನೆ ಸಾಲ ಸ್ಯಾಂಕ್ಷನ್ ಆಯ್ತು ಅಂದರೆ ಖುಷಿಪಡುತ್ತೇವೆ. ಸುದ್ದಿಯಲ್ಲಿ ನೋಡಿದರೆ ರಷ್ಯಾ ಮೇಲೆ ಸ್ಯಾಂಕ್ಷನ್ ಹಾಕಿದರು ಅಂತ ಬರುತ್ತದೆ. ಒಪ್ಪಿಗೆಗೂ ಶಿಕ್ಷೆಗೂ ಒಂದೇ ಪದ ಹೇಗೆ? ಬರೆಯುವಾಗ ಎಡವದೆ ಇರಲು ಏನು ಮಾಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಅರ್ಥ ಸರಿಯೇ. ಎರಡೂ ಹುಟ್ಟಿದ್ದು ಕಾನೂನಿನ ಮಾತಿನಿಂದ. ಲ್ಯಾಟಿನ್ನಿನ ಮೂಲ ಪದಕ್ಕೆ ಪವಿತ್ರವೆಂದು ಸಾರುವುದು, ಯಾರೂ ಮುರಿಯದಂತೆ ಕಟ್ಟಳೆ ಮಾಡುವುದು ಎಂಬ ಅರ್ಥವಿದೆ. 'ಸೇಂಟ್' ಕೂಡ ಅದೇ ಬೇರಿನದು. ಇಂಗ್ಲಿಷಿನಲ್ಲೂ ಸ್ಯಾಂಕ್ಷನ್ ಅಂದರೆ ಮೊದಲು ಕಟ್ಟಳೆ ಅಂತಲೇ ಇತ್ತು. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ತನ್ನ ರಾಜ್ಯಗಳು ಹೆಣ್ಣುಮಕ್ಕಳಿಗೂ ಸಲ್ಲಬಹುದು ಎಂದು ಚಕ್ರವರ್ತಿ ಆರನೆಯ ಚಾರ್ಲ್ಸ್ 1713ರಲ್ಲಿ ಹೊರಡಿಸಿದ ಆಜ್ಞೆಯ ಹೆಸರು 'ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್'.

ಆಮೇಲೆ ದಾರಿ ಕವಲೊಡೆಯಿತು. ಅಧಿಕಾರ ಇದ್ದವರು ಮುದ್ರೆ ಒತ್ತಿದರೆ ಅದು ಸ್ಯಾಂಕ್ಷನ್. ಕಟ್ಟಳೆ ಮುರಿದವರಿಗೆ ಬೀಳುವ ದಂಡವೂ ಸ್ಯಾಂಕ್ಷನ್. ಈ ಎರಡನೆಯದೇ ದೇಶಗಳ ನಡುವೆಯೂ ಬಂತು. 1935ರಲ್ಲಿ ಇಟಲಿ ಇಥಿಯೋಪಿಯಾ ಮೇಲೆ ದಾಳಿ ಮಾಡಿದಾಗ ವಿಶ್ವಸಂಸ್ಥೆಗಿಂತ ಮೊದಲಿದ್ದ ದೇಶಗಳ ಕೂಟ ಲೀಗ್ ಆಫ್ ನೇಷನ್ಸ್ ಹಾಕಿದ ವ್ಯಾಪಾರ ನಿರ್ಬಂಧಕ್ಕೂ ಇದೇ ಹೆಸರು. 1990ರಲ್ಲಿ ಇರಾಕ್ ಮೇಲೆ ವಿಶ್ವಸಂಸ್ಥೆ ಹಾಕಿದ್ದಕ್ಕೂ ಇದೇ.

ನಮ್ಮ ಕಚೇರಿಗಳಲ್ಲಿ ಮಾತ್ರ ಜಾಸ್ತಿ ಕೇಳುವುದು ಮಂಜೂರಾತಿಯ ಅರ್ಥ. ರಜೆ ಸ್ಯಾಂಕ್ಷನ್, ಕರೆಂಟ್ ಬಿಲ್ಲಿನ ಸ್ಯಾಂಕ್ಷನ್ಡ್ ಲೋಡ್ (ಮಂಜೂರಾದ ವಿದ್ಯುತ್ ಪ್ರಮಾಣ), ಎಲ್ಲವೂ ಅದೇ. ತುಂಬಾ ಜನ ಎಡವುವುದು 'ಪ್ರಾಸಿಕ್ಯೂಷನ್ ಸ್ಯಾಂಕ್ಷನ್' ಹತ್ತಿರ. ಭ್ರಷ್ಟಾಚಾರದ ಕೇಸು, ಹಾಗಾಗಿ ಶಿಕ್ಷೆ ಆಗಿಹೋಯ್ತು ಅಂದುಕೊಳ್ಳುತ್ತಾರೆ. ಹಾಗಲ್ಲ. ಸರ್ಕಾರಿ ನೌಕರರ ಮೇಲೆ ವಿಚಾರಣೆ ನಡೆಸಲು ಮೊದಲು ಪಡೆಯಬೇಕಾದ ಅನುಮತಿ ಅದು. ತಪ್ಪು ಸಾಬೀತಾಗುವುದು, ಆಗದಿರುವುದು ಕೋರ್ಟಿನ ಮಾತು. ಸಾಲದ ವಿಷಯದಲ್ಲೂ ಅಷ್ಟೆ, ಸ್ಯಾಂಕ್ಷನ್ ಲೆಟರ್ ಬಂದರೆ ಹಣ ಬಂದಂತಲ್ಲ. ಕಾಗದಪತ್ರ ಮುಗಿದ ಮೇಲೆ ಹಣ ಬಿಡುಗಡೆ ಆಗುತ್ತದೆ.

ಗುರುತು ಹಿಡಿಯುವುದು ಕಷ್ಟವಿಲ್ಲ. 'ಸ್ಯಾಂಕ್ಷನ್ಸ್' ಅಂತ ಬಹುವಚನ ಇದ್ದು, ಜೊತೆಗೆ ಇಂಪೋಸ್ (ಹೇರು), ಲಿಫ್ಟ್ (ತೆರವು ಮಾಡು), ಅಗೇನ್ಸ್ಟ್ (ವಿರುದ್ಧ) ಬಂದರೆ ಸಾಮಾನ್ಯವಾಗಿ ನಿರ್ಬಂಧ. ಕ್ರಿಯಾಪದವಾಗಿ ಬಳಸುವಾಗಲೇ ಹುಷಾರು ಬೇಕು. ಸಾಲವನ್ನೋ ಯೋಜನೆಯನ್ನೋ 'ಸ್ಯಾಂಕ್ಷನ್' ಮಾಡಿದರು ಅಂದರೆ ಒಪ್ಪಿಗೆ. ಒಂದು ಕಂಪನಿಯನ್ನೋ ವ್ಯಕ್ತಿಯನ್ನೋ 'ಸ್ಯಾಂಕ್ಷನ್' ಮಾಡಿದರು ಅಂದರೆ ಇಂದಿನ ಇಂಗ್ಲಿಷ್ ಸುದ್ದಿಯಲ್ಲಿ ಅದು ದಂಡನೆಯೇ. ವಿದೇಶಿ ಕಚೇರಿಗೆ ಬರೆಯುವಾಗ ಒಪ್ಪಿಗೆ ಸಿಕ್ಕಿದೆ ಅನ್ನಲು 'ಅಪ್ರೂವ್ಡ್' ಬಳಸಿ. ಎರಡರ್ಥ ಇರುವ ಪದವನ್ನು ಸುಮ್ನೆ ಯಾಕೆ ಹಾಕಬೇಕು, ಅಲ್ವಾ?